ಪಿಕಪ್ ರೀಮ್ಯಾಪ್ ಮಾಡ್ಸೋ ಮೊದ್ಲು ಲೆಕ್ಕ ಹಾಕಿ

ಶುಂಠಿ ದುಡ್ಡು ಕೈಗೆ ಬಂದರೆ ಸಾಕು, ನಮ್ಮ ಕಡೆ ಹುಡುಗರು ಪಿಕಪ್ ರೀಮ್ಯಾಪ್ ಮಾಡಿಸೋಕೆ ಓಡ್ತಾರೆ. ಪವರ್ರೂ ಜಾಸ್ತಿ, ಮೈಲೇಜೂ ಜಾಸ್ತಿ ಅಂತಾರೆ. ನಾನೂ ನಂಬಿ ಮಾಡಿಸಿ ಕೆಟ್ಟವನೇ, ಅದಕ್ಕೇ ಬರೀತಿದೀನಿ.

ಲ್ಯಾಪ್‌ಟಾಪ್ ಹಚ್ಚಿ ಮಾಡೋದು ಇಷ್ಟೇ. ಇಂಜಿನ್ ಕಂಪ್ಯೂಟರಿನ ಲೆಕ್ಕ ತಿದ್ದಿ ಡೀಸೆಲ್ಲೂ ಟರ್ಬೊ ಗಾಳಿಯೂ ಹೆಚ್ಚು ಬಿಡೋದು. ಖಾಲಿ ಗಾಡೀಲಿ, ನಿಧಾನಕ್ಕೆ ಓಡಿಸಿದ್ರೆ ಸ್ವಲ್ಪ ಉಳೀಬಹುದು, ಇಲ್ಲ ಅನ್ನಲ್ಲ. ಆದರೆ ಲೋಡ್ ಹೇರ್ಕೊಂಡು ಕುಲ್ಕುಂದದಿಂದ ಬಿಸಿಲೆ ಘಾಟಿ ಹತ್ತೋವಾಗ ಆ ಪವರ್ ಎಲ್ಲಿಂದ ಬರುತ್ತೆ? ಡೀಸೆಲ್ಲಿಂದಲೇ!

ಕಂಪನಿಯೋರು ಪವರ್ ಮಿತಿಯಲ್ಲಿ ಇಟ್ಟಿರೋದು ದಡ್ಡತನಕ್ಕಲ್ಲ. ಇಂಜಿನ್ ಜೋರಾಯ್ತು, ಕ್ಲಚ್ಚು, ಗೇರ್‌ಬಾಕ್ಸು, ಬ್ರೇಕು ಹಳೇವೇ ತಾನೆ? ನನ್ನ ಕ್ಲಚ್ ಒಂದೇ ಮಳೆಗಾಲಕ್ಕೆ ಸುಟ್ಟೋಯ್ತು. ವಾರಂಟಿ ಕೇಳಿದ್ರೆ ಕೈ ಆಡಿಸಿಬಿಟ್ರು. ಕಂಪನಿ ಕೊಟ್ಟ ವಿವರ ಬದಲಾಗೋ ಹಾಗೆ ಗಾಡಿ ಮಾರ್ಪಾಡು ಮಾಡಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮೇ ಇದೆ. ನಾಳೆ ಘಾಟೀಲಿ ಏನಾದ್ರೂ ಆದ್ರೆ ಇನ್ಶೂರೆನ್ಸ್‌ನೋರು ಬಿಡ್ತಾರಾ?

ಮೈಲೇಜ್ ಬೇಕಾ? ಏರ್ ಫಿಲ್ಟರ್ ಬದಲಿಸಿ, ಟೈರ್ ಗಾಳಿ ನೋಡಿ, ಓವರ್‌ಲೋಡ್ ಬಿಡಿ. ಲಾಭ ಆಗಿದೆ ಅನ್ನೋರು ಲೋಡ್ ಹಾಕಿ, ಟ್ಯಾಂಕ್ ತುಂಬಿಸಿ, ಘಾಟಿ ಹತ್ತಿ, ಮತ್ತೆ ತುಂಬಿಸಿ ಲೆಕ್ಕ ತೋರಿಸ್ಲಿ. ಬಾಯ್ಲೆಕ್ಕ ಬೇಡ.