ಹೇಸರಗತ್ತೆಯ ಕಥೆ ಸಾಕು, ಮತದ ಲೆಕ್ಕ ಹೇಳಿ

ಅಮೆರಿಕದ ಜಾರ್ಜಿಯಾ ರಾಜ್ಯ ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ಚಿಕ್ಕದು. ನಮ್ಮಲ್ಲಿ 31 ಜಿಲ್ಲೆ. ಅಲ್ಲಿ 159 ಕೌಂಟಿ. ಇಷ್ಟೊಂದು ಏಕೆ ಎಂದರೆ ಅಲ್ಲೊಂದು ಸಿದ್ಧ ಉತ್ತರವಿದೆ: ರೈತ ಹೇಸರಗತ್ತೆ ಕಟ್ಟಿಕೊಂಡು ಬೆಳಿಗ್ಗೆ ಹೊರಟರೆ ಕಚೇರಿ, ಕೋರ್ಟಿನ ಕೆಲಸ ಮುಗಿಸಿ ಸಂಜೆಯೊಳಗೆ ಮನೆ ಸೇರಬೇಕು, ಅದಕ್ಕೆ.

ಕೇಳಲು ಹಿತವಾಗಿದೆ. ಒಂದು ಸಹಿಗಾಗಿ ದಿನದ ಕೂಲಿ ಕಳೆದುಕೊಳ್ಳುವ ಸಂಕಟ ಹಳ್ಳಿಯವರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಇದು ಅರ್ಧ ಸತ್ಯ. 1777ರಲ್ಲಿ ಅಲ್ಲಿದ್ದದ್ದು 8 ಕೌಂಟಿ. ಕೊನೆಯದಾದ ಪೀಚ್ ಕೌಂಟಿ ಹುಟ್ಟಿದ್ದು 1924ರಲ್ಲಿ. ಅಷ್ಟರಲ್ಲಿ ರೈಲು ಬಂದಿತ್ತು, ಕಾರೂ ಬಂದಿತ್ತು. ಆಮೇಲೂ ಗಡಿ ಎಳೆದದ್ದು ಯಾರ ಅನುಕೂಲಕ್ಕೆ?

ಉತ್ತರ ಮತದ ಲೆಕ್ಕದಲ್ಲಿದೆ. ಎಷ್ಟೇ ಚಿಕ್ಕ ಕೌಂಟಿಗೂ ಶಾಸನಸಭೆಯ ಕೆಳಮನೆಯಲ್ಲಿ ಒಂದು ಸೀಟು ಖಾತ್ರಿಯಿತ್ತು. 1917ರ ಕಾನೂನು ಇನ್ನೂ ಮುಂದೆ ಹೋಯಿತು. ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಆಯ್ಕೆಯೇ ಅಲ್ಲಿ ನಿಜವಾದ ಚುನಾವಣೆ. ಅದರಲ್ಲಿ ಜನರ ಮತದ ಬದಲು ಕೌಂಟಿಗಳ ‘ಯೂನಿಟ್’ ಮತ ಎಣಿಸುವುದು ಕಾನೂನಾಯಿತು. 1960ರ ಜನಗಣತಿಯಂತೆ 1,876 ಜನರಿದ್ದ ಎಕಲ್ಸ್ ಕೌಂಟಿಗೆ 2 ಯೂನಿಟ್. ಅಟ್ಲಾಂಟಾ ನಗರವಿರುವ, 5,56,326 ಜನರ ಫುಲ್ಟನ್ ಕೌಂಟಿಗೆ 6. ಎಕಲ್ಸ್‌ನಂಥ ಮೂರು ಕೌಂಟಿ ಕೈಯಲ್ಲಿದ್ದರೆ ಫುಲ್ಟನ್ನಿನ ಗೊಡವೆಯೇ ಬೇಡ! 1946ರಲ್ಲಿ ಹೆಚ್ಚು ಜನರ ಮತ ಪಡೆದ ಜೇಮ್ಸ್ ಕಾರ್ಮೈಕಲ್ ಸೋತರು. ಯೂನಿಟ್ ಬಾಚಿಕೊಂಡ ಯೂಜೀನ್ ಟಾಲ್ಮಡ್ಜ್ ಗೆದ್ದರು.

ಇದೆಲ್ಲ ಹಳ್ಳಿಯ ದನಿ ಉಳಿಸಲು ಎಂಬ ಸಮರ್ಥನೆಯೂ ಇತ್ತು. ಯಾವ ಹಳ್ಳಿ? ಅದೇ ಹಳ್ಳಿಗಳಲ್ಲಿ ಹತ್ತಿ ಬಿಡಿಸುತ್ತಿದ್ದ ಕಪ್ಪು ಜನರನ್ನು ದಶಕಗಳ ಕಾಲ ಆ ಮತಗಟ್ಟೆಯ ಹತ್ತಿರವೂ ಬಿಟ್ಟುಕೊಳ್ಳಲಿಲ್ಲ. ಕಚೇರಿ ಮನೆ ಬಾಗಿಲಿಗೆ ಬಂತು; ಅಧಿಕಾರ ಬಾಗಿಲೊಳಗೆ ಬರಲಿಲ್ಲ.

1963ರಲ್ಲಿ ಸುಪ್ರೀಂ ಕೋರ್ಟು ಯೂನಿಟ್ ಪದ್ಧತಿಯನ್ನು ರದ್ದು ಮಾಡಿತು. ಕೌಂಟಿಗಳು ಹಾಗೇ ಉಳಿದವು. ಪ್ರತಿ ಕೌಂಟಿಗೂ ಚುನಾಯಿತ ಶೆರಿಫ್, ಕೋರ್ಟ್ ಕ್ಲರ್ಕ್, ತೆರಿಗೆ ಅಧಿಕಾರಿ ಇದ್ದಾರೆ. ಇರುವ ಕುರ್ಚಿಯನ್ನು ಯಾರು ತಾನೇ ಬಿಟ್ಟುಕೊಟ್ಟಾರು? 2020ರ ಗಣತಿಯಲ್ಲಿ 1,600 ಜನರೂ ಇಲ್ಲದ ಟಾಲಿಯಫೆರೊ ಕೌಂಟಿಯೂ ಈ ವ್ಯವಸ್ಥೆಯ ಖರ್ಚು ಹೊರಬೇಕು.

ಚಿಕ್ಕ ಕೌಂಟಿಗಳನ್ನು ಅಳಿಸಿಹಾಕಿ ಎಂದು ನಾವು ಹೇಳುತ್ತಿಲ್ಲ. ಕಚೇರಿ ಹತ್ತಿರವಿರಲಿ. ಆದರೆ ಮತ ಎಣಿಸುವಾಗ ಮನುಷ್ಯರನ್ನು ಎಣಿಸಿ, ಮಣ್ಣನ್ನಲ್ಲ.

ನಮ್ಮಲ್ಲಿ ತಾಲ್ಲೂಕು ಒಡೆದ ಮಾತ್ರಕ್ಕೆ ವಿಧಾನಸಭೆಯ ಸೀಟು ಹೆಚ್ಚುವುದಿಲ್ಲ, ನಿಜ. ಆದರೂ ಹೊಸ ತಾಲ್ಲೂಕು ಬೇಕೆಂಬ ಕೂಗಿಗೆ ಮುಂದಿಡುವ ಕಾರಣ ಇದೇ ‘ದೂರ’. ವರದಿಗೆ ಹೋಗುವ ನಾವು ಕಿಲೋಮೀಟರ್ ಬರೆದುಕೊಂಡು ಬಂದರೆ ಸಾಲದು. ಬೋರ್ಡು ಬಂದ ಮೇಲೆ ಡಾಕ್ಟರು ಬಂದರೇ, ಸಬ್ ರಿಜಿಸ್ಟ್ರಾರ್ ಕಚೇರಿ ಬಂತೇ, ಯಾರ ಅರ್ಜಿ ಮೊದಲು ಮುಂದೆ ಹೋಯಿತು ಎಂದು ಕೇಳಬೇಕು. ಹತ್ತಿರ ಬಂದದ್ದು ಕಟ್ಟಡ ಮಾತ್ರವಾದರೆ ಹಾಗೆಂದೇ ಬರೆಯಬೇಕು.