ಬಾಯಿಗೊಂದು ಕಿವಿ

ಹಳೆಯ ಸಾಮಾನುಗಳನ್ನು ಕೂಡಿಡುವುದು ನಮ್ಮ ಮನೆತನದ ರೋಗವೆಂದು ನನ್ನ ಮಡದಿಯ ಅಭಿಪ್ರಾಯ. ಅದನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ. ಆದರೆ ಕಳೆದ ತಿಂಗಳು ಆ ರೋಗವೇ ನಮಗೊಂದು ಉಪಕಾರ ಮಾಡಿತು. ಆ ಕಥೆಯನ್ನು ಓದುಗರಲ್ಲಿ ನಿವೇದಿಸುತ್ತೇನೆ.

ನಮ್ಮ ತೀರ್ಥರೂಪರು ನಿವೃತ್ತರಾದ ಮೇಲೆ, ಅಂಗೈಯಲ್ಲಿ ಹಿಡಿಯುವ ಹಳದಿ ಯಂತ್ರವೊಂದರೊಡನೆ ಊರ ಸುತ್ತ ಅಲೆಯುತ್ತಿದ್ದರು. ಅದು ಗಾರ್ಮಿನ್ ಈಟ್ರೆಕ್ಸ್ ಎಂಬ ಜಿಪಿಎಸ್ ಗ್ರಾಹಕ. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಭೂಮಿಯನ್ನು ಸುತ್ತುವ ಉಪಗ್ರಹಗಳಲ್ಲಿ ನಾಲ್ಕರ ಸಂಕೇತ ದೊರೆತರೆ, ತಾನಿರುವ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಅದು ಲೆಕ್ಕ ಹಾಕಿ ಹೇಳುತ್ತದೆ. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರವು ಸಾರ್ವಜನಿಕರಿಗೆ ದೊರೆಯುವ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುತ್ತಿತ್ತು. ಆ ತೆರೆ ಸರಿದ ಮೇಲೆ ಸಾಮಾನ್ಯನಿಗೂ ತಾನು ನಿಂತ ನೆಲೆ ಹೆಚ್ಚು ನಿಖರವಾಗಿ ತಿಳಿಯತೊಡಗಿತು. ತಂದೆಯವರು ಯಂತ್ರದಲ್ಲಿ ಗುರುತು ಮಾಡಿದ್ದು ಊರಿನ 31 ಹಳೆಯ ಬಾವಿಗಳನ್ನು. ಅವುಗಳಲ್ಲಿ ಅರ್ಧ ಈಗ ಮಣ್ಣುಪಾಲಾಗಿವೆ.

ತಂದೆಯವರು ತೀರಿಕೊಂಡು ಮೂರು ವರ್ಷವಾಯಿತು. ತಾಯಿಯವರು ಮಾತ್ರ, ಗೋಡೆ ಗಡಿಯಾರಕ್ಕೆ ಕೀಲಿ ಕೊಡುವ ನಿಷ್ಠೆಯಿಂದ, ಅದರ ಎರಡು ಸೆಲ್ಲುಗಳನ್ನು ಬದಲಿಸುತ್ತಲೇ ಇದ್ದರು.

ಮೊದಲು ಪಟ್ಟಿಯನ್ನು ಕೈಯಿಂದ ಬರೆದುಕೊಳ್ಳಹೊರಟೆ. ಒಂದಂಕೆ ತಪ್ಪಿ ದೇವಸ್ಥಾನದ ಬಾವಿ ಪಕ್ಕದೂರಿನ ಗದ್ದೆ ಸೇರಿತು! ಅಕ್ಷಾಂಶದ ಒಂದು ನಿಮಿಷ, ಎಂದರೆ ಡಿಗ್ರಿಯ 60ನೆಯ ಒಂದು ಭಾಗ, ನೆಲದ ಮೇಲೆ ಸುಮಾರು 1.85 ಕಿಲೋಮೀಟರು. ಕನ್ನಡ ಎಂ.ಎ. ಓದಿದವನ ಕೈಗೆ ಈ ಕೆಲಸ ಸಲ್ಲದು, ಯಂತ್ರವೇ ಕಂಪ್ಯೂಟರಿಗೆ ನೇರವಾಗಿ ಹೇಳಲಿ ಎಂದು ನಿಶ್ಚಯಿಸಿದೆ. ಆದರೆ ಎರಡನ್ನೂ ಜೋಡಿಸುವ ತಂತಿ ಎಂದೋ ಕಳೆದುಹೋಗಿತ್ತು. ಹೊಸದನ್ನು ನಾವೇ ಮಾಡಬೇಕಾಯಿತು.

ಯಂತ್ರದ ಬೆನ್ನಿನ ರಬ್ಬರು ಮುಚ್ಚಳದಡಿಯಲ್ಲಿ ನಾಲ್ಕು ಲೋಹದ ಚುಕ್ಕೆಗಳಿವೆ. ಒಂದು ವಿದ್ಯುತ್ತಿನದು, ಅದರ ಗೊಡವೆ ನಮಗೆ ಬೇಡ. ಒಂದು ಮಾತನಾಡುವುದು, ಒಂದು ಕೇಳುವುದು, ಮತ್ತೊಂದು ಇಬ್ಬರಿಗೂ ಸಮಾನವಾದ ನೆಲ. ಮೂರೇ ಎಳೆ ಸಾಕು. ಕಾಲೇಜಿನ ಭೌತಶಾಸ್ತ್ರದ ಮಿತ್ರರು ಮೀಟರು ಹಿಡಿದು, ಸೆಲ್ಲಿನ ಋಣ ತುದಿಗೆ ಕೂಡುವ ಚುಕ್ಕೆಯೇ ನೆಲವೆಂದು ತೋರಿಸಿಕೊಟ್ಟರು. ಕೆಟ್ಟ ಮೊಬೈಲಿನ ಬ್ಯಾಟರಿ ಗೂಡಿನಿಂದ ಸ್ಪ್ರಿಂಗು ಕಡ್ಡಿಗಳನ್ನು ಕಿತ್ತು, ಪ್ಲಾಸ್ಟಿಕ್ಕಿನ ಚೂರೊಂದನ್ನು ಅರದಿಂದ ಉಜ್ಜಿ, ಅದರಲ್ಲಿ ಕೂರಿಸಿದೆವು. ಇಂದಿನ ಕಂಪ್ಯೂಟರುಗಳಲ್ಲಿ ಹಳೆಯ ಸೀರಿಯಲ್ ಕಿಂಡಿ ಅಪರೂಪ. ಆದುದರಿಂದ ಯುಎಸ್‌ಬಿ ಪರಿವರ್ತಕವೊಂದನ್ನು ತಂದೆ. ಅದರ ಒಂಬತ್ತು ಕಡ್ಡಿಗಳಲ್ಲಿ 2 ಕೇಳುತ್ತದೆ, 3 ಮಾತನಾಡುತ್ತದೆ, 5 ನೆಲ.

ಸಮಾನರಿಗೆ ಸಮಾನರೊಡನೆ ಸ್ನೇಹವೆಂದು ತಿಳಿದು, ಮಾತಿಗೆ ಮಾತನ್ನೂ ಕೇಳ್ಮೆಗೆ ಕೇಳ್ಮೆಯನ್ನೂ ಬೆಸೆದೆ. ಗಂಟೆಗಟ್ಟಲೆ ಕಾದರೂ ನಿಶ್ಶಬ್ದ. ಮಿತ್ರರು ನೋಡಿ ನಕ್ಕರು: “ಇಬ್ಬರೂ ಉಪನ್ಯಾಸಕರಾದರೆ ಪಾಠ ಕೇಳುವವರು ಯಾರು ಸ್ವಾಮಿ? ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಸೇರಬೇಕು.”

ಎರಡು ಎಳೆಗಳನ್ನು ಅದಲುಬದಲು ಮಾಡಿದೆ. ಇನ್ನೊಂದು ಎಚ್ಚರವೂ ಬೇಕಾಯಿತು. ಯಂತ್ರವನ್ನು ಎನ್‌ಎಂಇಎ ಎಂಬ ಭಾಷೆಗೆ ಹೊಂದಿಸಿದರೆ ಅದು ತಾನು ಈಗ ಎಲ್ಲಿರುವೆನೆಂದಷ್ಟೇ ಒದರುತ್ತಿರುತ್ತದೆ. ಕೂಡಿಟ್ಟ ನೆನಪುಗಳು ಹೊರಬರುವುದು ಅದರ ಸ್ವಂತ ಭಾಷೆಯಲ್ಲಿಯೇ. ಅದಕ್ಕೆ ಹೊಂದಿಸಿ, ಜಿಪಿಎಸ್‌ಬ್ಯಾಬೆಲ್ ಎಂಬ ಉಚಿತ ತಂತ್ರಾಂಶವನ್ನು ಓಡಿಸಿದೊಡನೆ 31 ಬಾವಿಗಳೂ ಪರದೆಯ ಮೇಲೆ ಸಾಲಾಗಿ ನಿಂತವು.

ಆ ಯಂತ್ರದಲ್ಲಿ ಒಂದು ಹೆಸರಿಗೆ ಆರೇ ಇಂಗ್ಲಿಷ್ ಅಕ್ಷರಗಳಿಗೆ ಅವಕಾಶ. ‘ಎಚ್, ಯು, ಎನ್, ಎಸ್, ಇ, ಬಿ’ ಎಂದರೆ ಹುಣಸೆಬಾವಿಯೆಂದು ನಾನೇ ಊಹಿಸಿದೆ. ಕೊನೆಯದೊಂದು ಮಾತ್ರ ಬಿಡಿಸಲಾಗಲಿಲ್ಲ. ನಮ್ಮೂರಿನಲ್ಲಿ ಆ ಸ್ಥಳದಲ್ಲಿ ಬಾವಿಯಿದ್ದುದೇ ನನಗೆ ಗೊತ್ತಿರಲಿಲ್ಲ. ತಾಯಿಯವರು ಕನ್ನಡಕ ಏರಿಸಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಮದುವೆಯಾಗಿ ಬಂದ ದಿನ ಮೊದಲು ನೀರು ಸೇದಿದ್ದು ಅಲ್ಲಿ” ಎಂದರು.

ತಂದೆಯವರು ಬದುಕಿದ್ದಾಗ, ಬಾವಿಗಳ ಮಾತು ತೆಗೆದರೆ ನಾನು ನನ್ನ ಕಾಲೇಜಿನ ಮಾತು ತೆಗೆಯುತ್ತಿದ್ದೆ. ಆ ಸಂಜೆ ತಾಯಿಯವರು ಬಾವಿಗಳ ಕಥೆಯನ್ನು ಒಂದೊಂದಾಗಿ ಹೇಳಿದರು. ನಾನು ಬರೆದುಕೊಳ್ಳುತ್ತ ಕುಳಿತೆ.