ಆಟದ ಪರದೆಗೆ ಎಷ್ಟು ಚುಕ್ಕೆ ಬೇಕು?



ಮಕ್ಕಳು ಕೇಳುವ ವಸ್ತುಗಳಲ್ಲಿ ಕೆಲವು ಹಿರಿಯರಿಗೆ ಒಡನೆಯೇ ಅರ್ಥವಾಗುತ್ತವೆ. ಸೈಕಲ್ಲು ಕೇಳಿದರೆ ಅದರ ಉಪಯೋಗ ತಿಳಿದಿರುತ್ತದೆ. ಕೈಗಡಿಯಾರ ಕೇಳಿದರೆ ಬೆಲೆ ಎಷ್ಟಿರಬಹುದೆಂಬ ಅಂದಾಜಾದರೂ ಇರುತ್ತದೆ. ಆದರೆ ಕಾಲೇಜಿಗೆ ಹೋಗುವ ಮಗನೋ ಮಗಳೋ ಬಂದು, "ಈಗಿರುವ ಪರದೆ ಸಾಲದು, ವಿಡಿಯೋ ಆಟಕ್ಕೆ ೪ಕೆ ಪರದೆಯೇ ಬೇಕು" ಎಂದಾಗ ಅನೇಕ ಮನೆಗಳಲ್ಲಿ ಎರಡೇ ಬಗೆಯ ಉತ್ತರ ಹೊರಡುತ್ತದೆ. ಕಾಟ ತಪ್ಪಿದರೆ ಸಾಕೆಂದು ಹಣ ಕೊಟ್ಟುಬಿಡುವುದು ಒಂದು; "ಆಟಕ್ಕೆ ಇಷ್ಟು ದುಡ್ಡೇ?" ಎಂದು ಗದರಿಸಿ ಕಳಿಸುವುದು ಇನ್ನೊಂದು. ತಿಳಿಯದೆ ಕೊಟ್ಟ ಒಪ್ಪಿಗೆಯಿಂದ ಮನೆಯ ಹಣ ಹೋಗುತ್ತದೆ. ತಿಳಿಯದೆ ಮಾಡಿದ ನಿರಾಕರಣೆಯಿಂದ ಹಿರಿಯರ ಮಾತಿಗೆ ಮಕ್ಕಳು ಕೊಡುವ ಬೆಲೆ ಹೋಗುತ್ತದೆ. ಎರಡನೆಯ ನಷ್ಟವೇ ದೊಡ್ಡದು. ಆದುದರಿಂದ ಈ ತಿಂಗಳು ಈ ವಿಷಯವನ್ನೇ ಸ್ವಲ್ಪ ವಿಚಾರಮಾಡೋಣ.

ಮೊದಲಿಗೆ ಈ ರೆಸಲ್ಯೂಷನ್ ಎಂದರೇನೆಂದು ನೋಡಬೇಕು. ಮಾನಿಟರ್ ಆಗಲಿ ಟಿ.ವಿ. ಆಗಲಿ, ಅದರ ಮೇಲಿನ ಚಿತ್ರವು ಅತಿ ಸಣ್ಣ ಚುಕ್ಕೆಗಳಿಂದ ಕೂಡಿರುತ್ತದೆ. ರಂಗೋಲಿಯಲ್ಲಿ ಚುಕ್ಕೆಗಳು ಹೆಚ್ಚಾದಷ್ಟೂ ಎಳೆಗಳು ಸೂಕ್ಷ್ಮವಾಗುವಂತೆ ಇಲ್ಲಿಯೂ ಚುಕ್ಕೆ ಹೆಚ್ಚಿದಂತೆ ಚಿತ್ರ ನಯವಾಗುತ್ತದೆ. ಈ ಚುಕ್ಕೆಗೆ ಪಿಕ್ಸೆಲ್ ಎಂದು ಹೆಸರು. 'ಫುಲ್ ಎಚ್‌ಡಿ' ಪರದೆಯಲ್ಲಿ ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦ ಸಾಲುಗಳಿದ್ದು ಒಟ್ಟು ೨೦,೭೩,೬೦೦ ಚುಕ್ಕೆಗಳಿರುತ್ತವೆ. ಅದಕ್ಕಿಂತ ಮೇಲಿನ ಮೆಟ್ಟಿಲು ೨೫೬೦ಕ್ಕೆ ೧೪೪೦. ಅಲ್ಲಿ ೩೬,೮೬,೪೦೦ ಚುಕ್ಕೆಗಳು. ೪ಕೆ ಎಂಬುದು ೩೮೪೦ಕ್ಕೆ ೨೧೬೦. ಅಲ್ಲಿರುವುದು ೮೨,೯೪,೪೦೦, ಅಂದರೆ ಫುಲ್ ಎಚ್‌ಡಿಯ ನಾಲ್ಕು ಪಟ್ಟು. ಅಂಗಡಿಯವರು ಹೇಳುವ ಈ ಲೆಕ್ಕದಲ್ಲಿ ಸುಳ್ಳೇನೂ ಇಲ್ಲ. ಆದರೆ ಚುಕ್ಕೆ ನಾಲ್ಕು ಪಟ್ಟಾದರೆ ಆಟದ ಆನಂದವೂ ನಾಲ್ಕು ಪಟ್ಟಾಗುವುದೇ? ಅದನ್ನು ನಿರ್ಧರಿಸುವುದು ಪರದೆಯಲ್ಲ, ನಮ್ಮ ಕಣ್ಣು.

ನೇತ್ರವೈದ್ಯರ ಕೊಠಡಿಯಲ್ಲಿ ಅಕ್ಷರಗಳ ಸಾಲುಗಳಿರುವ ಫಲಕವನ್ನು ತಾವೆಲ್ಲರೂ ಕಂಡಿದ್ದೀರಿ. ಹಾಲೆಂಡಿನ ವೈದ್ಯ ಹೆರ್ಮನ್ ಸ್ನೆಲೆನ್ ೧೮೬೨ರಲ್ಲಿ ರೂಪಿಸಿದ ಫಲಕವೇ ಇದರ ಮೂಲ. ಅದರ ಹಿಂದಿರುವ ಅಳತೆ ಇದು: ಒಂದು ಡಿಗ್ರಿ ಕೋನವನ್ನು ಅರುವತ್ತು ಭಾಗ ಮಾಡಿದರೆ ಬರುವ ಒಂದು ಭಾಗದಷ್ಟು ಸೂಕ್ಷ್ಮವನ್ನು ಸಾಮಾನ್ಯ ಆರೋಗ್ಯವಂತ ಕಣ್ಣು ಬಿಡಿಸಿ ನೋಡಬಲ್ಲದು. ಅದಕ್ಕಿಂತ ಸಣ್ಣದಾದರೆ ಎರಡು ಚುಕ್ಕೆಗಳು ಬೆರೆತು ಒಂದಾಗಿ ಕಾಣುತ್ತವೆ. ಕೆಲವರ ದೃಷ್ಟಿ ಇದಕ್ಕಿಂತ ತೀಕ್ಷ್ಣವಾಗಿರುವುದುಂಟು. ಆದರೂ ಮನೆಯ ಲೆಕ್ಕಕ್ಕೆ ಈ ಅಳತೆ ಸಾಕು.

ಈಗ ಇದನ್ನೇ ಪರದೆಗೆ ಅನ್ವಯಿಸೋಣ. ೨೪ ಅಂಗುಲದ ಫುಲ್ ಎಚ್‌ಡಿ ಮಾನಿಟರ್‌ನ ಚುಕ್ಕೆಗಳು ಸುಮಾರು ೯೫ ಸೆಂಟಿಮೀಟರ್ ದೂರದವರೆಗೆ ಕಣ್ಣಿಗೆ ಬಿಡಿಬಿಡಿಯಾಗಿ ಸಿಕ್ಕುತ್ತವೆ. ೨೭ ಅಂಗುಲದ ೧೪೪೦ ಸಾಲಿನ ಮಾನಿಟರ್‌ನಲ್ಲಿ ಈ ಎಲ್ಲೆ ಸುಮಾರು ೮೦ ಸೆಂಟಿಮೀಟರ್. ಅದೇ ಗಾತ್ರದ ೪ಕೆಯಲ್ಲಿ ಸುಮಾರು ೫೪ ಸೆಂಟಿಮೀಟರ್. ಮೇಜಿನ ಮುಂದೆ ಕುಳಿತವರ ಕಣ್ಣಿಗೂ ಮಾನಿಟರ್‌ಗೂ ಸಾಮಾನ್ಯವಾಗಿ ೬೦ರಿಂದ ೭೦ ಸೆಂಟಿಮೀಟರ್ ಅಂತರವಿರುತ್ತದೆ. ಆದುದರಿಂದ ಫುಲ್ ಎಚ್‌ಡಿಯಿಂದ ೧೪೪೦ಕ್ಕೆ ಏರಿದಾಗ ವ್ಯತ್ಯಾಸ ಕಾಣುವುದು ನಿಜ. ಅಲ್ಲಿಂದ ೪ಕೆಗೆ ಏರಿದಾಗಲೂ ಸ್ವಲ್ಪ ಕಾಣುತ್ತದೆ. ಆದರೆ ಕೊಟ್ಟ ಚುಕ್ಕೆಗಳಷ್ಟನ್ನೂ ಕಣ್ಣು ಉಣ್ಣಲಾರದು.

ನಡುಮನೆಯ ಟಿ.ವಿ.ಯ ಸಂಗತಿ ಇನ್ನೂ ಸ್ಪಷ್ಟ. ೪೩ ಅಂಗುಲದ ಫುಲ್ ಎಚ್‌ಡಿ ಟಿ.ವಿ.ಯ ಚುಕ್ಕೆಗಳು ಸುಮಾರು ಐದೂವರೆ ಅಡಿ ದಾಟಿದರೆ ಬೆರೆತುಹೋಗುತ್ತವೆ. ೫೫ ಅಂಗುಲದ್ದು ಸುಮಾರು ಏಳು ಅಡಿಗೆ. ಎಂಟು ಅಡಿ ದೂರದ ಸೋಫಾದಲ್ಲಿ ಕುಳಿತು ಆಡುವವನಿಗೆ ಚುಕ್ಕೆಗಳ ಮಟ್ಟಿಗೆ ಅದೂ ಒಂದೇ, ೪ಕೆಯೂ ಒಂದೇ. ಇಂದು ಮಾರುಕಟ್ಟೆಗೆ ಬರುವ ದೊಡ್ಡ ಟಿ.ವಿ.ಗಳು ಬಹುಪಾಲು ೪ಕೆ ಆಗಿಯೇ ಇರುತ್ತವೆ. ಹೊಸದನ್ನು ಕೊಳ್ಳುವ ಕಾಲ ಬಂದಾಗ ಅದನ್ನೇ ಕೊಳ್ಳುವುದು ಸಹಜ. ಆದರೆ ಚೆನ್ನಾಗಿ ನಡೆಯುತ್ತಿರುವ ಟಿ.ವಿ.ಯನ್ನು ಕೇವಲ ಚುಕ್ಕೆಯ ಆಸೆಗೆ ಮೂಲೆಗಿಡುವುದು ವಿವೇಕವೆನಿಸದು.

ಇಷ್ಟು ಕಣ್ಣಿನ ಮಾತಾಯಿತು. ಇನ್ನು ಯಂತ್ರದ ಮಾತು. ಸಿನಿಮಾದ ಚಿತ್ರಗಳು ಮೊದಲೇ ತಯಾರಾಗಿರುತ್ತವೆ; ಸೆಕೆಂಡಿಗೆ ೨೪ ಚಿತ್ರಗಳು ಓಡಿದರೆ ನಮಗೆ ತೃಪ್ತಿ. ವಿಡಿಯೋ ಆಟ ಹಾಗಲ್ಲ. ಆಡುವವನು ಗುಂಡಿ ಒತ್ತಿದ ಮೇಲೆ ಯಂತ್ರವು ಆ ಕ್ಷಣದಲ್ಲಿ ಹೊಸ ಚಿತ್ರ ಬರೆದು ತೋರಿಸಬೇಕು. ಸೆಕೆಂಡಿಗೆ ೩೦ ಚಿತ್ರ ಬರೆದರೆ ಚಿತ್ರದಿಂದ ಚಿತ್ರಕ್ಕೆ ೩೩ ಮಿಲಿಸೆಕೆಂಡು ಕಾಯಬೇಕು. ೬೦ ಬರೆದರೆ ಸುಮಾರು ೧೭. ೧೨೦ ಬರೆದರೆ ಸುಮಾರು ೮. ಕೈ ಮಾಡಿದ್ದಕ್ಕೂ ಕಣ್ಣು ಕಂಡದ್ದಕ್ಕೂ ನಡುವಿನ ಈ ಅಂತರ ಕಡಿಮೆಯಾದಷ್ಟೂ ಆಟ ಕೈವಶವಾಗುತ್ತದೆ. ೪ಕೆ ಪರದೆಯಲ್ಲಿ ಸೆಕೆಂಡಿಗೆ ೬೦ ಚಿತ್ರ ಬರೆಯಬೇಕಾದರೆ ಯಂತ್ರವು ಸುಮಾರು ೫೦ ಕೋಟಿ ಚುಕ್ಕೆಗಳಿಗೆ ಬಣ್ಣ ತುಂಬಬೇಕು. ಫುಲ್ ಎಚ್‌ಡಿಯಲ್ಲಿ ಅದರ ಎರಡು ಪಟ್ಟು ವೇಗವಾಗಿ, ಅಂದರೆ ೧೨೦ ಚಿತ್ರ ಬರೆದರೂ ೨೫ ಕೋಟಿ ಚುಕ್ಕೆಗಳು ಸಾಕು. ಶಕ್ತಿ ಸಾಲದ ಯಂತ್ರಕ್ಕೆ ೪ಕೆ ಭಾರ ಹೊರಿಸಿದರೆ ನಿಂತ ಚಿತ್ರ ಸುಂದರವಾಗಿರುತ್ತದೆ, ಚಲಿಸುವ ಚಿತ್ರ ಮುಗ್ಗರಿಸುತ್ತದೆ.

ಆಡುವವರೇ ಇದಕ್ಕೆ ಸಾಕ್ಷಿ ನುಡಿದಿದ್ದಾರೆ. ಸೋನಿ ಸಂಸ್ಥೆಯ ಪ್ಲೇಸ್ಟೇಷನ್ ೫ರ ಅನೇಕ ಆಟಗಳಲ್ಲಿ ಚಿತ್ರದ ಸೂಕ್ಷ್ಮತೆ ಬೇಕೋ, ಚಲನೆಯ ವೇಗ ಬೇಕೋ ಎಂದು ಆರಿಸಿಕೊಳ್ಳುವ ಅವಕಾಶವಿದೆ. ಆ ಯಂತ್ರದ ಮುಖ್ಯ ವಿನ್ಯಾಸಕ ಮಾರ್ಕ್ ಸರ್ನಿಯವರು ೨೦೨೪ರ ಸೆಪ್ಟೆಂಬರಿನಲ್ಲಿ ಪ್ಲೇಸ್ಟೇಷನ್ ೫ ಪ್ರೋ ಯಂತ್ರವನ್ನು ಪರಿಚಯಿಸುತ್ತ, ಆಟಗಾರರು ನಾಲ್ಕರಲ್ಲಿ ಮೂರು ಪಾಲು ವೇಗವನ್ನೇ ಆರಿಸಿಕೊಳ್ಳುತ್ತಾರೆಂದು ತಿಳಿಸಿದರು. ಕೌಂಟರ್-ಸ್ಟ್ರೈಕ್ ಆಟದ ವೃತ್ತಿಪರ ಆಟಗಾರರಲ್ಲಿ ಅನೇಕರು ಇನ್ನೂ ಮುಂದೆ ಹೋಗಿ, ೧೨೮೦ಕ್ಕೆ ೯೬೦ರಂತಹ ಹಳೆಯ ಅಳತೆಯಲ್ಲಿಯೇ ಪಂದ್ಯವಾಡುತ್ತಾರೆ. ಗೆಲವೇ ಜೀವನೋಪಾಯವಾದವರು ಚುಕ್ಕೆಯನ್ನು ಬಿಟ್ಟು ವೇಗವನ್ನು ಹಿಡಿದಿದ್ದಾರೆಂಬುದು ಗಮನಾರ್ಹ.

ಇನ್ನೊಂದು ಸಂಗತಿಯನ್ನೂ ತಾಯಿತಂದೆಗಳು ಅರಿತಿರಬೇಕು. ಪರದೆಯ ಬೆಲೆ ಅಲ್ಲಿಗೇ ಮುಗಿಯುವುದಿಲ್ಲ. ಪರದೆ ಬಂದ ಮೇಲೆ ಅದಕ್ಕೆ ತಕ್ಕ ಗ್ರಾಫಿಕ್ಸ್ ಕಾರ್ಡ್ ಬೇಕೆನ್ನುತ್ತಾರೆ. ಅದು ಬಂದ ಮೇಲೆ ಅದಕ್ಕೆ ಸಾಕಷ್ಟು ವಿದ್ಯುತ್ ಒದಗಿಸುವ ಪವರ್ ಸಪ್ಲೈ ಬೇಕಾಗುತ್ತದೆ. ಎನ್ವಿಡಿಯಾ ಸಂಸ್ಥೆ ೨೦೨೩ರಲ್ಲಿ ಹೊರತಂದ ಆರ್‌ಟಿಎಕ್ಸ್ ೪೦೬೦ ಕಾರ್ಡಿನ ವಿದ್ಯುತ್ ಮಿತಿ ೧೧೫ ವ್ಯಾಟ್. ೪ಕೆ ಆಟಗಳಿಗೆಂದು ಹೆಸರಾದ ೨೦೨೨ರ ಆರ್‌ಟಿಎಕ್ಸ್ ೪೦೯೦ ಕಾರ್ಡಿನದು ೪೫೦ ವ್ಯಾಟ್. ಒಂದನ್ನು ತಂದರೆ ಅದು ಇನ್ನೊಂದನ್ನು ಕರೆಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಇಂತಹ ಸರಪಳಿಯನ್ನು ಕಂಡೇ ಇರಬೇಕು.

ಈ ಭಾರವನ್ನು ಇಳಿಸಲು ತಂತ್ರಜ್ಞರು ಒಂದು ಉಪಾಯವನ್ನೂ ಕಂಡುಹಿಡಿದಿದ್ದಾರೆ. ಯಂತ್ರವು ಕಡಿಮೆ ಚುಕ್ಕೆಗಳಲ್ಲಿ ಚಿತ್ರ ಬರೆದು, ಉಳಿದವನ್ನು ಹಿಂದಿನ ಚಿತ್ರಗಳ ಆಧಾರದಿಂದ ಊಹಿಸಿ ತುಂಬುತ್ತದೆ. ಎನ್ವಿಡಿಯಾ ೨೦೧೮ರಲ್ಲಿ ಪ್ರಕಟಿಸಿದ ಡಿಎಲ್‌ಎಸ್‌ಎಸ್ ಈ ಬಗೆಯದು; ಎಎಮ್‌ಡಿ ಸಂಸ್ಥೆಯೂ ೨೦೨೧ರಿಂದ ಎಫ್‌ಎಸ್‌ಆರ್ ಎಂಬ ತನ್ನದೇ ವಿಧಾನವನ್ನು ನೀಡುತ್ತ ಬಂದಿದೆ. ಡಿಎಲ್‌ಎಸ್‌ಎಸ್‌ನ 'ಪರ್ಫಾರ್ಮೆನ್ಸ್' ವಿಧಾನದಲ್ಲಿ ೪ಕೆ ಪರದೆಗೆ ಯಂತ್ರ ನಿಜವಾಗಿ ಬರೆಯುವುದು ೧೯೨೦ಕ್ಕೆ ೧೦೮೦ರ ಚಿತ್ರವನ್ನೇ. ಫಲಿತಾಂಶ ಚೆನ್ನಾಗಿಯೇ ಇರುತ್ತದೆ, ಇದನ್ನು ಮೋಸವೆನ್ನಲಾಗದು. ಆದರೆ ಪೆಟ್ಟಿಗೆಯ ಮೇಲಿನ ೪ಕೆ ಎಂಬ ಅಕ್ಷರವನ್ನು ಕಂಡು ಅಷ್ಟೂ ಚುಕ್ಕೆಗಳನ್ನು ಯಂತ್ರವೇ ಬರೆಯುತ್ತದೆಂದು ಭಾವಿಸಬಾರದು.

ಹಾಗಾದರೆ ಹೆಚ್ಚಿನ ಚುಕ್ಕೆ ಎಲ್ಲಿಯೂ ಬೇಡವೇ? ಹಾಗೆಂದರೆ ಪಕ್ಷಪಾತವಾದೀತು. ೨೦೨೦ರಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಂತಹ ವಿಮಾನ ಚಾಲನೆಯ ಆಟದಲ್ಲಿ ಮಾಪಕಗಳ ಸಣ್ಣ ಅಂಕಿಗಳನ್ನು ಓದಬೇಕು, ದೂರದ ಓಡುದಾರಿಯನ್ನು ಗುರುತಿಸಬೇಕು. ಅಲ್ಲಿ ಸೂಕ್ಷ್ಮತೆಗೆ ನಿಜವಾದ ಬೆಲೆಯಿದೆ. ಹತ್ತಿರ ಕುಳಿತು ದೊಡ್ಡ ಪರದೆಯಲ್ಲಿ ವಿಶಾಲವಾದ ನಕಾಶೆಗಳನ್ನು ನೋಡಿ ಯೋಚಿಸಿ ಆಡುವ ಆಟಗಳಿಗೂ ಇದೇ ಮಾತು. ಅದೇ ೨೦೧೧ರಲ್ಲಿ ಪೂರ್ಣರೂಪದಲ್ಲಿ ಬಂದ ಮೈನ್‌ಕ್ರಾಫ್ಟ್‌ನ ಲೋಕವೆಲ್ಲ ದೊಡ್ಡ ದೊಡ್ಡ ಇಟ್ಟಿಗೆಗಳಿಂದಾದುದು. ಅಲ್ಲಿ ಚುಕ್ಕೆ ಹೆಚ್ಚಿಸಿ ಪಡೆಯುವುದು ಅತ್ಯಲ್ಪ.

ಆ ಪರದೆಯಲ್ಲಿಯೇ ಮಕ್ಕಳು ಓದುವುದೂ ಬರೆಯುವುದೂ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಕ್ಷರದ ಅಂಚು ಹರಿತವಾಗುವುದು ಚುಕ್ಕೆ ಹೆಚ್ಚಿದಾಗಲೇ. ನಮ್ಮ ಕನ್ನಡದಲ್ಲಿ ಅಕ್ಷರದ ಅಡಿಯಲ್ಲಿ ಪುಟ್ಟದಾಗಿ ಒತ್ತು ಬರುತ್ತದೆಯಲ್ಲವೇ? ಚುಕ್ಕೆ ಕಡಿಮೆಯಿರುವ ಪರದೆಯಲ್ಲಿ ಸಣ್ಣ ಅಚ್ಚಿನ ಒತ್ತಕ್ಷರ ಕಲಸಿಹೋಗುತ್ತದೆ. ಆಟಕ್ಕಾಗಿ ಒಪ್ಪದ ಖರ್ಚನ್ನು ಓದಿಗಾಗಿ ಒಪ್ಪಬಹುದಾದ ಸಂದರ್ಭ ಇದು. ಆದರೆ ಮಕ್ಕಳೂ ಓದಿನ ನೆಪ ಮುಂದಿಟ್ಟು ಆಟದ ಪರದೆ ಕೇಳದೆ, ಎರಡನ್ನೂ ಎರಡಾಗಿಯೇ ಹೇಳುವುದು ಒಳ್ಳೆಯದು.

ಆಟದ ಸ್ವಾರಸ್ಯ ಚುಕ್ಕೆಯಲ್ಲಿ ಅಡಗಿಲ್ಲವೆಂಬುದಕ್ಕೆ ಚರಿತ್ರೆಯಲ್ಲಿಯೂ ನಿದರ್ಶನಗಳಿವೆ. ೧೯೮೪ರಲ್ಲಿ ಮಾಸ್ಕೋದ ಅಲೆಕ್ಸೇ ಪಜಿತ್ನೋವ್ ಟೆಟ್ರಿಸ್ ಆಟವನ್ನು ರಚಿಸಿದ ಎಲೆಕ್ಟ್ರಾನಿಕಾ ೬೦ ಎಂಬ ಗಣಕಯಂತ್ರಕ್ಕೆ ಚಿತ್ರ ಬರೆಯುವ ಶಕ್ತಿಯೇ ಇರಲಿಲ್ಲ. ಅವರು ಆವರಣ ಚಿಹ್ನೆಗಳನ್ನು ಜೋಡಿಸಿಯೇ ಇಟ್ಟಿಗೆಗಳನ್ನು ಮೂಡಿಸಿದರು. ೧೯೮೯ರ ಗೇಮ್ ಬಾಯ್ ಯಂತ್ರದಲ್ಲಿ ೧೬೦ಕ್ಕೆ ೧೪೪, ಅಂದರೆ ಕೇವಲ ೨೩,೦೪೦ ಚುಕ್ಕೆಗಳು, ನಾಲ್ಕೇ ಛಾಯೆಗಳು. ಲೋಕವೆಲ್ಲ ಅದರಲ್ಲಿ ಟೆಟ್ರಿಸ್ ಆಡಿತು. ೨೦೧೭ರಲ್ಲಿ ಬಂದ ನಿಂಟೆಂಡೋ ಸ್ವಿಚ್‌ನ ಪರದೆ ೧೨೮೦ಕ್ಕೆ ೭೨೦ರದು. ಆದರೂ ಅದು ೧೫ ಕೋಟಿಗೂ ಹೆಚ್ಚು ಮಾರಾಟವಾಯಿತು.

ಇನ್ನು, ಚುಕ್ಕೆ ಹೆಚ್ಚಿದರೆ ಕಣ್ಣಿಗೆ ಆಯಾಸವಿಲ್ಲವೆಂದು ಹೇಳುವವರೂ ಇದ್ದಾರೆ. ಅಕ್ಷರ ಸ್ಪಷ್ಟವಾದರೆ ಓದುವುದು ಹಗುರವಾಗುವುದು ನಿಜ. ಆದರೆ ಪರದೆಯನ್ನು ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಇದಕ್ಕೆ ಯಾವ ಪರದೆಯೂ ಮದ್ದಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿರೆಂದು ನೇತ್ರತಜ್ಞರು ಹೇಳುತ್ತಾರೆ. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ತಂದೆತಾಯಿಗಳೇ, ಮುಂದಿನ ಸಲ ಮನೆಯಲ್ಲಿ ಈ ಮಾತು ಬಂದಾಗ ಒಂದು ಅಳತೆಯ ಟೇಪು ಹಿಡಿದು ಮಕ್ಕಳೊಡನೆ ಕುಳಿತುಕೊಳ್ಳಿ. ಕಣ್ಣಿಗೂ ಪರದೆಗೂ ಎಷ್ಟು ದೂರವೆಂದು ಇಬ್ಬರೂ ಸೇರಿ ಅಳೆಯಿರಿ. ಈಗಿನ ಯಂತ್ರ ಈಗಿನ ಪರದೆಯಲ್ಲಿಯೇ ಸೆಕೆಂಡಿಗೆ ೬೦ ಚಿತ್ರಗಳನ್ನು ತಡೆಯಿಲ್ಲದೆ ತೋರಿಸುತ್ತಿದೆಯೇ ಎಂದು ಅವರನ್ನೇ ಕೇಳಿರಿ; ಇಲ್ಲವೆಂದರೆ ಹಣ ಹೋಗಬೇಕಾದದ್ದು ಪರದೆಗಲ್ಲ. ಅವರು ಹೆಚ್ಚಾಗಿ ಆಡುವ ಆಟ ಯಾವುದು, ಅದಕ್ಕೆ ಬೇಕಾದದ್ದು ಸೂಕ್ಷ್ಮತೆಯೋ ವೇಗವೋ ಎಂದು ವಿಚಾರಿಸಿರಿ. ಅಂಗಡಿಗೆ ಹೋದರೆ ಮನೆಯಲ್ಲಿ ಅಳೆದ ದೂರದಲ್ಲಿಯೇ ನಿಂತು ಎರಡು ಪರದೆಗಳನ್ನೂ ಅಕ್ಕಪಕ್ಕದಲ್ಲಿ ನೋಡಿರಿ. ಮೇಜಿನ ಮೇಲಿನ ಹಳೆಯ ಮಾನಿಟರ್ ಬದಲಿಸುವ ಕಾಲ ಬಂದಿದ್ದು, ಯಂತ್ರಕ್ಕೂ ತಕ್ಕ ಶಕ್ತಿಯಿದ್ದರೆ, ೨೭ ಅಂಗುಲದ ೧೪೪೦ ಸಾಲಿನ ಪರದೆ ಬಹುಪಾಲು ಮನೆಗಳಿಗೆ ಸಾಕಾದೀತೆಂದು ನನ್ನ ಅಭಿಪ್ರಾಯ.

ಇಷ್ಟಾದ ಮೇಲೆ ತಾವು 'ಆಗಲಿ' ಎಂದರೂ 'ಈಗ ಬೇಡ' ಎಂದರೂ ಅದಕ್ಕೊಂದು ಕಾರಣವಿರುತ್ತದೆ, ಮತ್ತು ಆ ಕಾರಣ ಮಕ್ಕಳಿಗೂ ತಿಳಿದಿರುತ್ತದೆ. ತಮ್ಮ ಬೇಡಿಕೆಯನ್ನು ಹಿರಿಯರು ಕೂತು ಕೇಳಿದರು, ಅಳೆದು ನೋಡಿದರು ಎಂಬ ಅರಿವಿರುವ ಮಗು ಮುಂದೆ ಇದಕ್ಕಿಂತ ದೊಡ್ಡ ಪ್ರಶ್ನೆ ಎದುರಾದಾಗಲೂ ಮೊದಲು ತಮ್ಮ ಬಳಿಗೇ ಬರುತ್ತದೆ.